ಹಳೆಯ ಸಮಾಧಿ ರಿಜಿಸ್ಟರಿನ ಸಂಕ್ಷೇಪಗಳನ್ನು ಓದಿಕೊಡುವ ಬೆಳಗಾವಿಯ ಒಂದು ಸೇವೆ: ಬಳಸಿದವರ ವಿಮರ್ಶೆ

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಿವೃತ್ತ ಶಿಕ್ಷಕ ದಂಪತಿಯೊಬ್ಬರು ತಮ್ಮ ಮನೆಯಿಂದಲೇ ಒಂದು ಸಣ್ಣ ಸೇವೆ ನಡೆಸುತ್ತಿದ್ದಾರೆ. ಚರ್ಚುಗಳ ಹಳೆಯ ಸಮಾಧಿ ರಿಜಿಸ್ಟರುಗಳಲ್ಲಿ ಬರುವ, ಇಂದಿನವರಿಗೆ ತಲೆಬುಡ ತಿಳಿಯದ ಲ್ಯಾಟಿನ್, ಪೋರ್ಚುಗೀಸ್ ಮತ್ತು ಇಂಗ್ಲಿಷ್ ಸಂಕ್ಷೇಪಗಳನ್ನು ಬಿಡಿಸಿ, ಕನ್ನಡ ವಿವರಣೆಯೊಂದಿಗೆ ಟೈಪ್ ಮಾಡಿ ಕೊಡುವುದು ಅವರ ಕೆಲಸ. ಹೆಸರು ಹಾಕಿ ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ಹೆಸರಾಗಲಿ ವಿಳಾಸವಾಗಲಿ ಇಲ್ಲಿ ಕೊಡುತ್ತಿಲ್ಲ. ಕ್ಯಾಂಪಿನ ಚರ್ಚುಗಳ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪುಟದಲ್ಲಿ ಇರುವುದು ಯಾವುದು, ತಾವು ಊಹಿಸಿದ್ದು ಯಾವುದು ಎಂಬುದನ್ನು ಇವರು ಒಂದಕ್ಕೊಂದು ಬೆರೆಸುವುದಿಲ್ಲ. ಹಳೆಯ ದಾಖಲೆ ಓದುವವರಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ, ಮತ್ತು ಅದೇ ಕಾರಣಕ್ಕೆ ಈ ಸೇವೆಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಇಂಥದೊಂದು ಸೇವೆ ಬೇಕಾಗುವುದಕ್ಕೆ ಕಾರಣ ಈ ಊರಿನ ಇತಿಹಾಸದಲ್ಲಿಯೇ ಇದೆ. 1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ಕೈಸೇರಿ, ಮುಂದೆ ದಂಡು ಇಲ್ಲಿ ನೆಲೆಯೂರಿದ ಮೇಲೆ ಸೈನ್ಯದ ಪಾದ್ರಿಗಳು ತಮ್ಮ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಬರೆದರು. ಗೋವಾದ ನಂಟಿದ್ದ ಕಥೋಲಿಕ ಗುರುಗಳು ಪೋರ್ಚುಗೀಸಿನಲ್ಲಿ ಬರೆದರು. ಲ್ಯಾಟಿನ್ನಿನಲ್ಲಿ ಬರೆದವರೂ ಇದ್ದರು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಗಿ ಈ ಭಾಗದಲ್ಲಿ ಹಳಿ ಹಾಸತೊಡಗಿದಾಗ, ಕೆಲಸ ಅರಸಿ ಬಂದ ಕುಟುಂಬಗಳ ಹೆಸರುಗಳೂ ಈ ಪುಸ್ತಕಗಳಿಗೆ ಸೇರಿದವು. ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯ, ಅಂದರೆ ಕಥೋಲಿಕ ಬಿಷಪ್ಪರೊಬ್ಬರ ಆಡಳಿತ ಕ್ಷೇತ್ರ, ಆದದ್ದು 1953ರಷ್ಟು ಈಚೆಗೆ. ಹೀಗಾಗಿ ಒಂದೇ ಊರಿನಲ್ಲಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೋದರೆ ದಾಖಲೆಯ ಭಾಷೆಯೇ ಬೇರೆಯಾಗುತ್ತದೆ, ಭಾಷೆಯ ಜೊತೆಗೆ ಸಂಕ್ಷೇಪಿಸುವ ಪದ್ಧತಿಯೂ ಬೇರೆಯಾಗುತ್ತದೆ. ಈ ಪುಸ್ತಕಗಳನ್ನು ಬರೆದವರ ಮನಸ್ಸಿನಲ್ಲಿ ಇದ್ದ ಓದುಗರು ತಮ್ಮ ನಂತರ ಬರುವ ಪಾದ್ರಿಗಳು ಮಾತ್ರ. ಸತ್ತವರ ಮರಿಮಕ್ಕಳು ಒಂದು ದಿನ ಇದನ್ನು ಓದಲು ಕೂರುತ್ತಾರೆಂದು ಅವರು ಎಣಿಸಿರಲಿಲ್ಲ. ಅಂಕಣ ಕಿರಿದು, ಒಂದೇ ಬಗೆಯ ವಾಕ್ಯವನ್ನು ನೂರಾರು ಸಲ ಬರೆಯಬೇಕು, ಓದುವವನಿಗೂ ಅದು ಬಾಯಿಪಾಠ. ಹಾಗಿರುವಾಗ ಪೂರ್ತಿ ಪದ ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ.

ನಾನು ಇವರ ಬಳಿ ಒಯ್ದದ್ದು ನಮ್ಮ ಮುತ್ತಜ್ಜನ ಸಮಾಧಿಯ ದಾಖಲೆಯಿರುವ ಪುಟದ ಚಿತ್ರ. ರೈಲ್ವೆಯಲ್ಲಿ ದುಡಿಯುತ್ತಿದ್ದ ಅವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರೆಂಬುದೂ, ಅವರ ಹೆಸರಿನಲ್ಲಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಯನ್ನು ಪ್ರತಿವರ್ಷ ಅಕ್ಟೋಬರಿನಲ್ಲಿ ಮಾಡಿಸಿಕೊಂಡು ಬಂದಿದ್ದೇವೆಂಬುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಬೇರೊಂದು ಊರಿನ, ಹಣ ಪಡೆದು ವಂಶಾವಳಿ ಸಿದ್ಧಪಡಿಸುವ ಸಂಸ್ಥೆಯೊಂದು ಇದೇ ಪುಟವನ್ನು ಓದಿ ಸಾವಿನ ತಿಂಗಳು ಆಗಸ್ಟ್ ಎಂದು ಬರೆದುಕೊಟ್ಟಿತ್ತು. ತಿಂಗಳು ಹೊಂದದಿರುವುದರಿಂದ ಇದು ಅದೇ ಹೆಸರಿನ ಬೇರೊಬ್ಬರ ದಾಖಲೆ ಇರಬೇಕೆಂದು ದಾಯಾದಿಗಳಲ್ಲಿ ಕೆಲವರು ವಾದಿಸಿದರು. ಪುಟದಲ್ಲಿ ಇದ್ದದ್ದು 8 ಎಂಬ ಅಂಕಿ, ಅದರ ಬೆನ್ನಿಗೆ ‘ಬ್ರಿಸ್’ ಎಂದು ಓದಿಕೊಳ್ಳಬಹುದಾದ ನಾಲ್ಕು ಸಣ್ಣ ಅಕ್ಷರ. ಕ್ಯಾಂಪಿನ ಸರ್ ಅದನ್ನು ಕಂಡ ಕೂಡಲೇ, ‘ಇದು ಆಗಸ್ಟ್ ಅಲ್ಲರೀ, ಅಕ್ಟೋಬರ್. ಬರೇ ಅಂಕಿ ನೋಡಬ್ಯಾಡ್ರಿ, ಅದರ ಹಿಂದಿನ ಬಾಲಾ ನೋಡ್ರಿ’ ಎಂದರು.

ಇದರ ಹಿನ್ನೆಲೆ ಹೀಗಿದೆ. ಬಹಳ ಹಿಂದಿನ ರೋಮನ್ ಪಂಚಾಂಗದಲ್ಲಿ ವರ್ಷ ಮಾರ್ಚಿನಿಂದ ಆರಂಭವಾಗುತ್ತಿತ್ತು. ಆ ಲೆಕ್ಕದಲ್ಲಿ ಸೆಪ್ಟೆಂಬರ್ ಏಳನೆಯದು, ಅಕ್ಟೋಬರ್ ಎಂಟನೆಯದು, ನವೆಂಬರ್ ಒಂಬತ್ತನೆಯದು, ಡಿಸೆಂಬರ್ ಹತ್ತನೆಯದು. ತಿಂಗಳ ಹೆಸರುಗಳೇ ಲ್ಯಾಟಿನ್ನಿನ ಆ ಸಂಖ್ಯೆಗಳಿಂದ ಬಂದಿವೆ. ವರ್ಷಾರಂಭ ಜನವರಿಗೆ ಸರಿದ ಮೇಲೂ ಹೆಸರು ಉಳಿಯಿತು, ಹೆಸರಿನೊಂದಿಗೆ 7ಬರ್, 8ಬರ್, 9ಬರ್ ಎಂದು ಚಿಕ್ಕದಾಗಿ ಬರೆಯುವ ರೂಢಿಯೂ ಉಳಿಯಿತು. ಡಿಸೆಂಬರಿಗೆ ಕೆಲವರು 10ಬರ್ ಎಂದು ಬರೆದರೆ, ಕೆಲವರು ರೋಮನ್ ಹತ್ತನ್ನು ಬಳಸಿ ಎಕ್ಸ್‌ಬರ್ ಎಂದು ಬರೆದರು. ಇಂಗ್ಲಿಷ್ ಪುಸ್ತಕಗಳಲ್ಲೂ ಲ್ಯಾಟಿನ್ ಪುಸ್ತಕಗಳಲ್ಲೂ ಇದೇ ಪದ್ಧತಿ ಕಾಣುತ್ತದೆ, ಲ್ಯಾಟಿನ್ನಿನಲ್ಲಿ ಬರ್ ಬದಲು ಬ್ರಿಸ್ ಎಂದಿರುತ್ತದೆ. 8 ಎಂದರೆ ಎಂಟನೇ ತಿಂಗಳು, ಅಂದರೆ ಆಗಸ್ಟ್ ಎಂದು ಓದುವವರು ಎಡವುವುದು ಇಲ್ಲಿಯೇ.

ಈ ವಿವರ ಯಾವ ಪಟ್ಟಿಯಲ್ಲಾದರೂ ಸಿಗುತ್ತದೆ. ನನಗೆ ಮೆಚ್ಚುಗೆಯಾದದ್ದು ಅವರು ತಮ್ಮ ಮಾತನ್ನು ಅಷ್ಟಕ್ಕೇ ನಿಲ್ಲಿಸದೆ ಅದೇ ಪುಸ್ತಕದಿಂದ ರುಜುವಾತು ಮಾಡಿಕೊಟ್ಟದ್ದು. ನಮ್ಮ ದಾಖಲೆಯ ಹಿಂದಿನ ಪುಟದ ಕೊನೆಯಲ್ಲಿ 7ಬ್ರಿಸ್ ಎಂಬ ತಿಂಗಳು ಮುಗಿಯುತ್ತದೆ, ಮುಂದಿನ ಪುಟದಲ್ಲಿ 9ಬ್ರಿಸ್ ಆರಂಭವಾಗುತ್ತದೆ. ಆಗಸ್ಟ್ ತಿಂಗಳ ಸಾವುಗಳು ಅವಕ್ಕೂ ಹಿಂದಿನ ಪುಟಗಳಲ್ಲಿ, ತಿಂಗಳ ಹೆಸರನ್ನು ಪೂರ್ತಿಯಾಗಿ ಬರೆದು ದಾಖಲಾಗಿವೆ. ಅಂದರೆ ಬರೆದ ಪಾದ್ರಿಯವರು ಸಂಖ್ಯೆಯಿಂದ ಹೆಸರು ಪಡೆದ ತಿಂಗಳುಗಳನ್ನು ಮಾತ್ರ ಅಂಕಿಯಲ್ಲಿ ಬರೆಯುತ್ತಿದ್ದರು. ಇಷ್ಟು ಕಣ್ಣಿಗೆ ಕಂಡ ಮೇಲೆ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಹೆಸರಿನ ವಿಷಯದಲ್ಲೂ ಇದೇ ಎಚ್ಚರ. ಅಡ್ಡಹೆಸರಿನ ಜಾಗದಲ್ಲಿ ಎಫ್, ಆರ್, ಝಡ್ ಎಂಬ ಮೂರೇ ಅಕ್ಷರ ಇದ್ದವು. ಗೋವಾ ಕಡೆಯ ಪುಸ್ತಕಗಳಲ್ಲಿ ಇದು ಫರ್ನಾಂಡಿಸ್ ಎಂಬುದರ ಮಾಮೂಲಿ ರೂಪ. ಜಿ, ಎಲ್, ಝಡ್ ಎಂದಿದ್ದರೆ ಗೊನ್ಸಾಲ್ವಿಸ್. ರೊಯಿಝ್ ಎಂದು ಕಾಣುವುದು ಬೇರೊಂದು ಮನೆತನವಲ್ಲ, ರೊಡ್ರಿಗಸ್. ಪೋರ್ಚುಗೀಸ್ ಬರಹದಲ್ಲಿ ಪದದ ಮೊದಲಿನ ಅಕ್ಷರಗಳನ್ನು ಬರೆದು, ನಡುವಿನವನ್ನು ನುಂಗಿ, ಕೊನೆಯ ಅಕ್ಷರವನ್ನು ಮೇಲ್ಗಡೆ ಸಣ್ಣದಾಗಿ ಬರೆಯುವುದು ವಾಡಿಕೆ: ಎಂ ಬರೆದು ಮೇಲೆ ಪುಟ್ಟ ಎ ಇಟ್ಟರೆ ಮರಿಯಾ, ಎ-ಎನ್-ಟಿ ಬರೆದು ಮೇಲೆ ಪುಟ್ಟ ಒ ಇಟ್ಟರೆ ಆಂತೋನಿಯೊ. ಮೇಲಿನ ಆ ಸಣ್ಣ ಅಕ್ಷರವೇ ಗಂಡೋ ಹೆಣ್ಣೋ ಎಂಬುದನ್ನು ಹೇಳುವುದರಿಂದ, ಮಗ ಮತ್ತು ಮಗಳು ಎಂಬ ಪದಗಳು ಎಫ್ ಎಂಬ ಒಂದೇ ಅಕ್ಷರದಲ್ಲಿ ಅಡಗಿರುವಾಗ ಅದನ್ನು ಭೂತಗನ್ನಡಿಯಲ್ಲಿ ನೋಡದೆ ಅವರು ಮುಂದುವರಿಯುವುದಿಲ್ಲ. ನಮ್ಮ ಪುಟದಲ್ಲಿ ತಂದೆಯ ಹೆಸರಿನ ಮುಂದೆ ಕ್ಯೂ-ಡಿ-ಎಂ ಎಂಬ ಅಕ್ಷರಗಳಿದ್ದವು. ಮೊದಲು ಓದಿದ ಸಂಸ್ಥೆ ಅದನ್ನು ಹೆಸರಿನ ಭಾಗವೆಂದೇ ತಿಳಿದು ಅಕ್ಷರ ಅಕ್ಷರವಾಗಿ ಇಳಿಸಿಕೊಂಡಿತ್ತು. ಅದು ‘ಕ್ವೊಂಡಾಂ’, ಅಂದರೆ ‘ದಿವಂಗತ’. ಮುತ್ತಜ್ಜ ತೀರಿಕೊಳ್ಳುವ ಹೊತ್ತಿಗೆ ಅವರ ತಂದೆಯೂ ಇರಲಿಲ್ಲ ಎಂಬ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಹೀಗೆ ಮೂರು ಅಕ್ಷರಗಳಿಂದ ತಿಳಿಯಿತು.

ನನ್ನ ಮಟ್ಟಿಗೆ ಅತ್ಯಂತ ಮಹತ್ವದ್ದು ಅಂಚಿನಲ್ಲಿದ್ದ ‘ಪಿ’ ಎಂಬ ಒಂಟಿ ಅಕ್ಷರ. ದಾಖಲೆ 1898ರದ್ದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಇಡೀ ಮುಂಬಯಿ ಪ್ರಾಂತ್ಯವನ್ನು ಕಾಡಿದ ಕಾಲವದು, ಬೆಳಗಾವಿ ಆಗ ಆ ಪ್ರಾಂತ್ಯಕ್ಕೇ ಸೇರಿತ್ತು. ಪ್ಲೇಗಿಗೆ ಲ್ಯಾಟಿನ್ನಿನಲ್ಲಿ ‘ಪೆಸ್ಟಿಸ್’ ಎನ್ನುತ್ತಾರೆ. ಆದ್ದರಿಂದ ಮುತ್ತಜ್ಜ ಪ್ಲೇಗಿನಲ್ಲಿ ಹೋದರೆಂದು ನಮ್ಮ ಹಿರಿಯರು ಆ ಅಕ್ಷರವನ್ನು ಅರ್ಥ ಮಾಡಿಕೊಂಡಿದ್ದರು, ಮೊದಲಿನ ಸಂಸ್ಥೆಯೂ ಹಾಗೆಯೇ ಬರೆದುಕೊಟ್ಟಿತ್ತು. ಆದರೆ ಲ್ಯಾಟಿನ್ನಿನಲ್ಲಿ ‘ಪಾರ್ವುಲುಸ್’ ಎಂದರೆ ಎಳೆಯ ಮಗು, ‘ಪಾಪರ್’ ಎಂದರೆ ಬಡವ. ಇವೂ ಅದೇ ಅಕ್ಷರದಿಂದ ಆರಂಭವಾಗುತ್ತವೆ. ಮೇಡಂ ಅವರು ನಮ್ಮ ಒಂದು ಪುಟದಿಂದ ಏನನ್ನೂ ಹೇಳಲು ಒಪ್ಪಲಿಲ್ಲ. ಚರ್ಚಿನ ಗುರುಗಳ ಅನುಮತಿ ಪಡೆದು ಹಿಂದು ಮುಂದಿನ ಇನ್ನಷ್ಟು ಪುಟಗಳ ಚಿತ್ರ ತರುವಂತೆ ಹೇಳಿದರು. ತಂದುಕೊಟ್ಟ ಮೇಲೆ, ಪಿ ಇರುವ ದಾಖಲೆಗಳನ್ನೆಲ್ಲ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡು ಹೋಲಿಸಿದರು. ಪಿ ದೊಡ್ಡವರ ಹೆಸರಿನ ಪಕ್ಕದಲ್ಲೂ ಇದೆ, ಮಕ್ಕಳ ಹೆಸರಿನ ಪಕ್ಕದಲ್ಲೂ ಇದೆ. ಹಾಗಾಗಿ ಅದು ‘ಮಗು’ ಅಲ್ಲ. ಆ ಪ್ಲೇಗು ಇನ್ನೂ ಮುಂಬಯಿಗೆ ಕಾಲಿಡದಿದ್ದ 1895ರ ಪುಟಗಳಲ್ಲೂ ಅದೇ ಕೈಬರಹದ ಪಿ ಇದೆ. ಹಾಗಾಗಿ ಅದು ‘ಪ್ಲೇಗು’ ಆಗಲಾರದು. ಪಿ ಇರುವ ಕಡೆಗಳಲ್ಲೆಲ್ಲ ಸಾಲಿನ ಕೊನೆಗೆ ‘ಗ್ರಾಟ್.’ ಎಂಬ ಇನ್ನೊಂದು ಸಂಕ್ಷೇಪವಿದೆ. ಅದು ‘ಗ್ರಾಟಿಸ್’, ಅಂದರೆ ಶುಲ್ಕವಿಲ್ಲದೆ. ಪಿ ಇಲ್ಲದ ಕಡೆ ಅದು ಕಾಣುವುದಿಲ್ಲ. ಹಾಗಾದರೆ ಪಿ ಎಂದರೆ ಬಡವ. ಸಮಾಧಿಯ ಖರ್ಚು ಭರಿಸಲಾಗದ ಕುಟುಂಬವೆಂದು ಚರ್ಚು ಆ ಶುಲ್ಕವನ್ನು ಬಿಟ್ಟುಕೊಟ್ಟಿದೆ.

ಇಂಗ್ಲೆಂಡಿನ ಪುಸ್ತಕಗಳಲ್ಲೂ ಇಂಥದೇ ಪಿ ಸಿಗುತ್ತದೆ ಎಂದು ಅವರು ತಿಳಿಸಿದರು. ಅಲ್ಲಿ 1783ರಿಂದ 1794ರವರೆಗೆ ಚರ್ಚು ರಿಜಿಸ್ಟರಿನ ಪ್ರತಿಯೊಂದು ದಾಖಲೆಗೂ ಮೂರು ಪೆನ್ಸ್ ತೆರಿಗೆಯಿತ್ತು, ಬಡವರಿಗೆ ವಿನಾಯಿತಿ ಇತ್ತು, ವಿನಾಯಿತಿ ಪಡೆದವರ ಹೆಸರಿನ ಪಕ್ಕದಲ್ಲಿ ಪಿ ಎಂದು ಗುರುತಿಸುತ್ತಿದ್ದರು. ಆದರೆ ಅಲ್ಲಿಯ ರೂಢಿಯನ್ನು ಇಲ್ಲಿಯ ಪುಸ್ತಕಕ್ಕೆ ಸಾಕ್ಷಿಯಾಗಿ ಅವರು ಬಳಸಲಿಲ್ಲ. ನಮ್ಮ ಪುಸ್ತಕದ ಒಳಗಿನ ಹೋಲಿಕೆಯ ಮೇಲೆಯೇ ತೀರ್ಮಾನ ನಿಲ್ಲಿಸಿದರು. ಮುತ್ತಜ್ಜನ ಕುಟುಂಬ ಅಷ್ಟು ಕಷ್ಟದಲ್ಲಿತ್ತೆಂಬುದನ್ನು ಕೇಳಿ ನನಗೆ ಸಂಕಟವಾಯಿತು. ಆದರೂ ನಿಜ ತಿಳಿದದ್ದಕ್ಕೆ ಕೃತಜ್ಞನಾಗಿದ್ದೇನೆ. ಅದೇ ಸಾಲಿನಲ್ಲಿ ‘ಸಾಕ್ರ್. ಮುನ್.’ ಎಂದೂ ಇತ್ತು. ಅದು ‘ಸಂಸ್ಕಾರಗಳಿಂದ ಬಲಗೊಂಡು’ ಎಂಬ ಲ್ಯಾಟಿನ್ ಮಾತಿನ ಮೊಟಕು ರೂಪ. ಸಾಯುವ ಮುನ್ನ ಗುರುಗಳು ಬಂದು, ಮರಣಾಸನ್ನರಿಗೆ ಕೊಡುವ ಸಂಸ್ಕಾರಗಳನ್ನು ಕೊಟ್ಟಿದ್ದರು ಎಂದರ್ಥ. ದುಡ್ಡಿಲ್ಲದ ಮನೆಗೂ ಗುರುಗಳು ಬಂದಿದ್ದರು ಎಂಬುದು ನಮ್ಮ ಮನೆಯ ಹಿರಿಯರಿಗೆ ಉಳಿದೆಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಸಾವಿನ ಕಾರಣವನ್ನು ಈ ದಾಖಲೆ ಹೇಳುವುದೇ ಇಲ್ಲ, ಅವರೂ ಹೇಳಲಿಲ್ಲ.

ಅವರು ಕೊಡುವ ಹಾಳೆಯ ವಿನ್ಯಾಸ ಸರಳವಾಗಿದೆ. ಎಡಗಡೆ ಪುಟದಲ್ಲಿ ಇದ್ದಂತೆಯೇ ಅಕ್ಷರಗಳು, ಚುಕ್ಕೆ, ಮೇಲಕ್ಷರ, ಕಾಗುಣಿತದ ತಪ್ಪು ಯಾವುದನ್ನೂ ತಿದ್ದದೆ. ನಡುವೆ ಬಿಡಿಸಿದ ರೂಪ, ತಾವು ಸೇರಿಸಿದ ಅಕ್ಷರಗಳನ್ನೆಲ್ಲ ಚೌಕ ಕಂಸದೊಳಗೆ ಹಾಕಿ. ಬಲಗಡೆ ಕನ್ನಡದ ಅರ್ಥ. ಖಚಿತವಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ, ಹುಳು ತಿಂದ ಕಡೆ ‘ಓದಲಾಗಲಿಲ್ಲ’ ಎಂದೇ ಇರುತ್ತದೆ. ಮುಂದೆ ಬೇರೆ ಯಾರಾದರೂ ಇನ್ನೂ ಚೆನ್ನಾಗಿ ಓದಬಲ್ಲವರು ಸಿಕ್ಕರೆ, ಎಡಗಡೆಯ ಅಂಕಣ ಕೈಯಲ್ಲಿರುವುದರಿಂದ ಇವರ ಓದನ್ನು ಪರೀಕ್ಷಿಸಬಹುದು. ಬಿಡಿಸಿದ ರೂಪವನ್ನಷ್ಟೇ ಕೊಟ್ಟು ಮೂಲವನ್ನು ಮರೆಮಾಡುವ ಸೇವೆಗಳಲ್ಲಿ ಈ ಅನುಕೂಲ ಸಿಗುವುದಿಲ್ಲ.

ದಂಡಿನ ಇಂಗ್ಲಿಷ್ ಪುಸ್ತಕಗಳ ಕೆಲಸ ಸ್ವಲ್ಪ ಹಗುರ, ಆದರೆ ಅಲ್ಲೂ ಬಲೆಗಳಿವೆ. ಜೆ-ಎನ್-ಒ ಎಂದರೆ ಜೊನಾಥನ್ ಅಲ್ಲ, ಜಾನ್. ಜೆ-ಎ-ಎಸ್ ಎಂದರೆ ಜೇಮ್ಸ್, ಅದನ್ನು ಜೋಸೆಫ್ ಎಂದು ಓದುವವರು ಬಹಳ. ಎನ್.ಐ. ಎಂದರೆ ದೇಶೀ ಪದಾತಿದಳ, ಎಚ್.ಇ.ಐ.ಸಿ.ಎಸ್. ಎಂದರೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದವರು. ತಾರೀಖಿನ ಮುಂದೆ ‘ಅಲ್ಟ್.’ ಎಂದಿದ್ದರೆ ಹಿಂದಿನ ತಿಂಗಳು, ‘ಇನ್‌ಸ್ಟ್.’ ಎಂದಿದ್ದರೆ ಇದೇ ತಿಂಗಳು. ಎಕ್ಸ್ ಎಂಬ ಅಕ್ಷರಕ್ಕೆ ಮೂರು ವೇಷ: ಎಕ್ಸ್‌ಬರ್‌ನಲ್ಲಿ ಅದು ಹತ್ತು, ಕ್ರಿಸ್ಟೋಫರ್ ಎಂಬ ಹೆಸರಿನ ಮೊಟಕು ರೂಪದಲ್ಲಿ ಅದು ಗ್ರೀಕ್ ಲಿಪಿಯಲ್ಲಿ ಕ್ರಿಸ್ತನ ಹೆಸರಿನ ಮೊದಲಕ್ಷರ, ಸಹಿಯ ಜಾಗದಲ್ಲಿ ಅದು ಬರೆಯಲು ಬಾರದವರು ಹಾಕಿದ ಗುರುತು. ಇಂಗ್ಲೆಂಡಿನಲ್ಲಿ 1813ರಿಂದ ಬಂದ ಅಚ್ಚಿನ ನಮೂನೆಯಲ್ಲಿ ಹೆಸರು, ವಾಸಸ್ಥಳ, ಸಮಾಧಿ ಮಾಡಿದ ದಿನ, ವಯಸ್ಸು, ಕ್ರಿಯೆ ನಡೆಸಿದವರ ಹೆಸರು ಇಷ್ಟಕ್ಕೆ ಮಾತ್ರ ಅಂಕಣಗಳಿದ್ದವು, ಸಾವಿನ ಕಾರಣಕ್ಕೆ ಇರಲಿಲ್ಲ. ಮುಂಬಯಿ ಪ್ರಾಂತ್ಯದ ಪುಸ್ತಕಗಳಲ್ಲಿ ಉದ್ಯೋಗ ಮತ್ತು ಸಾವಿನ ಕಾರಣಗಳೂ ಸಿಗುವುದುಂಟು. ಈ ಪ್ರಾಂತ್ಯದ ದಾಖಲೆಗಳ ನಕಲುಗಳು ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/3 ಎಂಬ ಶ್ರೇಣಿಯಲ್ಲಿವೆ. ನಕಲು ಮಾಡಿದವನು ಮೂಲದಲ್ಲಿ ಮೊಟಕಾಗಿರುವ ಪದವನ್ನು ಪೂರ್ತಿ ಬರೆದಿದ್ದರೆ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಇಂಗ್ಲಿಷ್ ದಾಖಲೆ ತರುವವರಿಗೆ ಈ ದಂಪತಿ ಮೊದಲು ಆ ನಕಲನ್ನು ಹುಡುಕಿಕೊಳ್ಳಲು ಹೇಳುತ್ತಾರೆ, ಅದರಲ್ಲೇ ಉತ್ತರ ಸಿಕ್ಕರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಬೇರೆ ದಾರಿಗಳೂ ಇವೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಲ್ಯಾಟಿನ್ ಮತ್ತು ಪೋರ್ಚುಗೀಸ್ ವಂಶಾವಳಿ ಪದಗಳ ಪಟ್ಟಿಗಳನ್ನು ಉಚಿತವಾಗಿ ನೋಡಬಹುದು. ಬ್ರಿಟಿಷರ ಕಾಲದ ಭಾರತದ ಕುಟುಂಬಗಳಿಗಾಗಿಯೇ ಇರುವ ಫಿಬಿಸ್ ಸಂಘದ ದತ್ತಸಂಚಯದಲ್ಲಿ ಹೆಸರು ಕೊಟ್ಟು ಹುಡುಕಬಹುದು. ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ತಂತ್ರಾಂಶ, ಒಂದೇ ಕೈಯ ಬರಹದ ಅನೇಕ ಪುಟಗಳನ್ನು ಕೊಟ್ಟು ಪಳಗಿಸಿದರೆ ನಿಜವಾಗಿಯೂ ಉಪಯುಕ್ತ. ಆದರೆ ಇಂಗ್ಲಿಷ್ ಚೆನ್ನಾಗಿ ಬಾರದ ನಮ್ಮ ಹಿರಿಯರಿಗೆ ಇವು ಯಾವುವೂ ಕನ್ನಡದಲ್ಲಿ ಏನನ್ನೂ ಹೇಳುವುದಿಲ್ಲ. ಪಟ್ಟಿಯಂತೂ ಪಿ ಎಂಬುದಕ್ಕೆ ಇರುವ ಅರ್ಥಗಳನ್ನೆಲ್ಲ ಮುಂದಿಟ್ಟು ಸುಮ್ಮನಾಗುತ್ತದೆ. ಅವುಗಳಲ್ಲಿ ಯಾವುದು ಈ ಪುಸ್ತಕದ್ದು ಎಂದು ಹುಡುಕುವ ಕೆಲಸ ಓದುಗನ ಪಾಲಿಗೇ ಉಳಿಯುತ್ತದೆ.

ಕೊರತೆಗಳನ್ನೂ ಹೇಳಬೇಕು. ಕೆಲಸ ನಿಧಾನ, ಅವಸರವಿದ್ದವರಿಗೆ ಇದು ಹೊಂದುವುದಿಲ್ಲ. ಟೈಪ್ ಮಾಡಿದ ಹಾಳೆಯಲ್ಲಿ ಸಾಲುಗಳಿಗೆ ಕ್ರಮಸಂಖ್ಯೆ ಇಲ್ಲದಿರುವುದರಿಂದ ಮೂಲ ಪುಟದೊಂದಿಗೆ ಹೋಲಿಸುವಾಗ ಕಣ್ಣು ತಪ್ಪುತ್ತದೆ. ಇದನ್ನು ಅವರು ಸುಲಭವಾಗಿ ಸರಿಪಡಿಸಬಹುದು. ಕನ್ನಡ ವಿವರಣೆಯಲ್ಲಿ ಅಭ್ಯಂಗ, ಪರಮಪ್ರಸಾದದಂಥ ಚರ್ಚಿನ ಪದಗಳನ್ನು ಹಾಗೆಯೇ ಬಳಸುತ್ತಾರೆ. ಕ್ರೈಸ್ತರಲ್ಲದ ಸಂಶೋಧಕರಿಗೆ ಒಂದೆರಡು ಸಾಲಿನ ಟಿಪ್ಪಣಿ ಬೇಕಾಗುತ್ತದೆ. ಜರ್ಮನ್ ದಾಖಲೆಗಳನ್ನು ಅವರು ಮುಟ್ಟುವುದಿಲ್ಲ. ಜರ್ಮನ್ ಮಾತಾಡುವ ಪಾದ್ರಿಗಳ ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡದಲ್ಲಿ, 1885ರಲ್ಲಿ ವಿಜಯಪುರದಲ್ಲಿ ನೆಲೆಯೂರಿದ್ದರಿಂದ, ಬಾಗಲಕೋಟೆ ಮತ್ತು ವಿಜಯಪುರ ಕಡೆಯವರಿಗೆ ಇದು ದೊಡ್ಡ ಕೊರತೆಯೇ ಸರಿ. ನಕ್ಷತ್ರದ ಗುರುತು ಜನನಕ್ಕೆ, ಶಿಲುಬೆಯ ಗುರುತು ಮರಣಕ್ಕೆ, ‘ಗೆಸ್ಟ್.’ ಎಂದರೆ ತೀರಿಕೊಂಡರು, ‘ಬೆಗ್ರ್.’ ಎಂದರೆ ಸಮಾಧಿಯಾದರು ಎಂಬಷ್ಟನ್ನು ಹೇಳಿಕೊಡುತ್ತಾರೆ, ಅದಕ್ಕಿಂತ ಮುಂದಕ್ಕೆ ಬಲ್ಲವರನ್ನು ಹುಡುಕಿಕೊಳ್ಳಿ ಎನ್ನುತ್ತಾರೆ. ತಮಗೆ ಬಾರದ್ದಕ್ಕೆ ದುಡ್ಡು ತೆಗೆದುಕೊಳ್ಳದ ಈ ನಡೆಯನ್ನು ನಾನು ಗೌರವಿಸುತ್ತೇನೆ.

ಪುಟವೊಂದಕ್ಕೆ 300 ರೂಪಾಯಿ, ಪೋರ್ಚುಗೀಸ್ ಆದರೆ 400. ಹೋಲಿಕೆಗಾಗಿ ಅವರೇ ತರಿಸಿಕೊಳ್ಳುವ ಅಕ್ಕಪಕ್ಕದ ಪುಟಗಳಿಗೆ ಬೇರೆ ಶುಲ್ಕವಿಲ್ಲ. ಇವರ ಹಾಳೆ ಅಧಿಕೃತ ಪ್ರಮಾಣಪತ್ರವಲ್ಲ ಎಂಬುದನ್ನು ನೆನಪಿಡಬೇಕು: ಕಚೇರಿಗಳಿಗೆ ಕೊಡಬೇಕಾದ ದೃಢೀಕೃತ ಪ್ರತಿಯನ್ನು ಆಯಾ ಚರ್ಚಿನ ಗುರುಗಳಿಂದಲೇ ಪಡೆಯಬೇಕು, ಪುಸ್ತಕದ ಚಿತ್ರ ತೆಗೆಯಲೂ ಅವರ ಒಪ್ಪಿಗೆ ಬೇಕು. ಹೋಗುವವರು ತಮಗೆ ಬೇಕಾದ ದಾಖಲೆಯ ಸಾಲನ್ನಷ್ಟೇ ಕತ್ತರಿಸಿದ ಚಿತ್ರ ಒಯ್ಯಬಾರದು. ಅಂಚುಗಳೂ ಅಂಕಣದ ತಲೆಬರಹಗಳೂ ಕಾಣುವಂತೆ ಇಡೀ ಪುಟವನ್ನು, ಅದರ ಹಿಂದಿನ ಮತ್ತು ಮುಂದಿನ ಪುಟಗಳನ್ನು, ಫ್ಲ್ಯಾಶ್ ಹಾಕದೆ ಕಿಟಕಿಯ ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ತೆಗೆದು ಒಯ್ಯಬೇಕು. ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಮೇಲಿನ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಪೆನ್‌ಡ್ರೈವಿನಲ್ಲಿ ಹಾಕಿ ಸಂಜೆ ಐದರ ನಂತರ ಮನೆಗೆ ಒಯ್ದು ಕೊಡಬೇಕು.